ಇಂಗಳೀಕವನ್ನರಸಿದ ಗೆ ಹೋಂಗ್

ಬಲಾಢ್ಯ ಮನೆತನಗಳ ವೈಷಮ್ಯದ ನಡುವೆ ಅಮರತ್ವವನ್ನರಸುವ ಯುವಸಾಧಕನ ಕಥೆ ಇಂದಿನ ಚೀನೀ ಅದ್ಭುತ ಕಾದಂಬರಿಗಳಿಗೆ ಪ್ರಿಯವಾದ ವಸ್ತು. ಅದಕ್ಕೆ ಹತ್ತಿರವಾದ ಬಾಳನ್ನು ಇತಿಹಾಸದಲ್ಲಿ ಬಾಳಿದವನು ಗೆ ಹೋಂಗ್.

ದಕ್ಷಿಣದ ವೂ ರಾಜ್ಯವು 280ರಲ್ಲಿ ಜಿನ್ ಅರಸರ ವಶವಾಯಿತು. 283ರಲ್ಲಿ, ಸೋತ ನಾಡಿನ ಅಧಿಕಾರಿ ಮನೆತನವೊಂದರಲ್ಲಿ ಇವನು ಜನಿಸಿದ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಸೌದೆ ಮಾರಿ ಕಾಗದ, ಕುಂಚಗಳನ್ನು ಕೊಂಡು ಓದಿದ. ಐವತ್ತಕ್ಕೂ ಮಿಕ್ಕ ಶಿಷ್ಯರಲ್ಲಿ ಗುರು ಝೆಂಗ್ ಯಿನ್ ಸುವರ್ಣರಸದ ಗ್ರಂಥಗಳನ್ನು ಒಪ್ಪಿಸಿದ್ದು ತನಗೊಬ್ಬನಿಗೇ ಎಂದು ಅವನೇ ಹೇಳಿಕೊಂಡಿದ್ದಾನೆ. ವಿದ್ಯೆಯೇನೋ ದೊರೆಯಿತು, ದ್ರವ್ಯಗಳನ್ನು ಕೊಳ್ಳಲು ಹಣವಿರಲಿಲ್ಲ.

303ರಲ್ಲಿ ದಂಗೆಯನ್ನಡಗಿಸಲು ಸೇನೆಯನ್ನು ನಡೆಸಿದ. ಗ್ರಂಥಗಳನ್ನರಸಿ ಲೋಯಾಂಗ್‌ಗೆ ಹೊರಟರೆ ರಾಜಕುಮಾರರ ಅಂತಃಕಲಹ ದಾರಿಗಡ್ಡವಾಯಿತು. ದಕ್ಷಿಣಕ್ಕೆ ತೆರಳಿದರೆ ಆಶ್ರಯದಾತ ಜಿ ಹಾನ್ ಕೊಲೆಯಾದ. ಉತ್ತರವನ್ನು ಕಳೆದುಕೊಂಡ ಜಿನ್ ಆಸ್ಥಾನವು 317ರಲ್ಲಿ ಜಿಯಾನ್‌ಕಾಂಗ್‌ನಲ್ಲಿ ನೆಲೆಗೊಂಡಾಗ, ಅಧಿಕಾರವು ವಲಸೆ ಬಂದ ವಾಂಗ್ ಮೊದಲಾದ ಉತ್ತರದ ಮನೆತನಗಳ ಕೈಸೇರಿತು. ದಕ್ಷಿಣದ ಹಳೆಯ ಕುಲಗಳು ಹಿಂದೆ ಸರಿದವು.

ಅದೇ ಕಾಲದಲ್ಲಿ ಪೂರ್ಣಗೊಂಡ ಅವನ ‘ಬಾವೋಪೂಜಿ’ಯ ಒಳಭಾಗದ 20 ಅಧ್ಯಾಯಗಳು ಅಮರವಿದ್ಯೆಯನ್ನೂ ಹೊರಭಾಗದ 50 ಅಧ್ಯಾಯಗಳು ಲೋಕನೀತಿಯನ್ನೂ ನಿರೂಪಿಸುತ್ತವೆ. ಲೋಕವನ್ನು ಅವನು ತೊರೆಯಲಿಲ್ಲ. ಅದರ ಪೈಪೋಟಿಗೂ ಮನಸೋಲಲಿಲ್ಲ. ಮುಂದೆ ಬೇಡಿದ್ದು ದೂರದ ಗೌಲೌವಿನ ಕಿರಿಯ ಅಧಿಕಾರವನ್ನು. ಕೀರ್ತಿಗಾಗಿ ಅಲ್ಲ, ರಸವಿದ್ಯೆಗೆ ಬೇಕಾದ ಇಂಗಳೀಕಕ್ಕಾಗಿ. ದಾರಿಯಲ್ಲಿ ತಡೆಯಲ್ಪಟ್ಟು ಲುವೋಫು ಬೆಟ್ಟದಲ್ಲೇ ನೆಲೆನಿಂತ.

ಅಮರತ್ವ ಅವನಿಗೆ ಒಲಿಯಲಿಲ್ಲ. ಆದರೆ ಬಡವರಿಗೂ ಎಟುಕುವಂತೆ ಅವನು ಬರೆದ ವೈದ್ಯಗ್ರಂಥದ ಸೊಪ್ಪಿನ ರಸವೊಂದರ ಸೂಚನೆ, ಮಲೇರಿಯಾ ಔಷಧಕ್ಕಾಗಿ 2015ರ ನೊಬೆಲ್ ಪಡೆದ ತೂ ಯೂಯೂ ಅವರಿಗೆ ದಾರಿ ತೋರಿತು.