ದಂತಧಾವನವೂ ದಂತಧವಲತೆಯೂ

ಹಲ್ಲನ್ನು ಶುಚಿಗೊಳಿಸುವುದು ಬೇರೆ, ಬಿಳುಪುಗೊಳಿಸುವುದು ಬೇರೆ. ಇವೆರಡನ್ನೂ ಒಂದೆಂದೇ ಭಾವಿಸಿದುದರಿಂದ ಆಗಿರುವ ಅನರ್ಥಗಳು ಅಲ್ಪವಲ್ಲ. ಆದುದರಿಂದ ಈ ಎರಡರ ಚರಿತ್ರೆಯನ್ನೂ ಸಂಕ್ಷೇಪವಾಗಿ ವಾಚಕರ ಮುಂದಿಡುವೆನು.

ನಮ್ಮ ಪ್ರಾಚೀನರ ಲಕ್ಷ್ಯವು ಶುಚಿತ್ವದ ಮೇಲೆ ಇದ್ದಿತು. ಒಗರು, ಖಾರ, ಕಹಿ ರಸಗಳುಳ್ಳ ಕಡ್ಡಿಯಿಂದ ದಿನಕ್ಕೆ ಎರಡಾವರ್ತಿ ಹಲ್ಲುಜ್ಜಬೇಕೆಂದು ಚರಕಸಂಹಿತೆಯು ವಿಧಿಸುವುದು. ಕಡ್ಡಿಯು 12 ಅಂಗುಲ ಉದ್ದವಾಗಿ ಕಿರುಬೆರಳಿನಷ್ಟು ದಪ್ಪವಿರಬೇಕೆಂದೂ, ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಇಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದೂ ಸುಶ್ರುತನ ಮತ. ಒಸಡಿಗೆ ನೋವಾಗಬಾರದೆಂಬುದು ಇಬ್ಬರ ಎಚ್ಚರಿಕೆಯೂ ಆಗಿದೆ. ಅವರು ಹೇಳಿದ ಫಲವೆಂದರೆ ದುರ್ಗಂಧನಿವಾರಣೆ, ಮಲಶೋಧನೆ ಮತ್ತು ರುಚಿ.

ಆದರೆ ಹಲ್ಲಿನ ಬಣ್ಣವೆಲ್ಲ ಕೊಳೆಯಲ್ಲ. 1901ರಲ್ಲಿ ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ಬಂದ ಮೆಕೇ ಎಂಬ ದಂತವೈದ್ಯನು ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡನು. ಬಹುಕಾಲದ ಶೋಧನೆಯ ತರುವಾಯ, 1931ರಲ್ಲಿ, ಕುಡಿಯುವ ನೀರಿನ ಫ್ಲೋರೈಡೇ ಕಾರಣವೆಂದು ಸಿದ್ಧವಾಯಿತು. 1937ರಲ್ಲಿ ನೆಲ್ಲೂರು ಪ್ರಾಂತದಲ್ಲಿಯೂ ಈ ವ್ಯಾಧಿಯು ಗುರುತಿಸಲ್ಪಟ್ಟಿತು. ನಮ್ಮ ಕೋಲಾರ, ಪಾವಗಡಗಳ ಕಡೆಯ ಅಂತರ್ಜಲದಲ್ಲಿಯೂ ಫ್ಲೋರೈಡು ಅಧಿಕವಾಗಿದೆ. ಈ ಕಲೆಯು ಹಲ್ಲು ಬೆಳೆಯುವಾಗಲೇ ಒಳಗೆ ನೆಲಸುವುದು, ಉಜ್ಜಿದರೆ ಹೋಗದು. ಇದನ್ನರಿಯದೆ ಉಪಾಧ್ಯಾಯನಾಗಿದ್ದ ನಾನು ಒಮ್ಮೆ ಅಂತಹ ಬಾಲಕನೊಬ್ಬನನ್ನು ಕೊಳಕನೆಂದು ತರಗತಿಯೆದುರು ಗದರಿಸಿ, ಇದ್ದಿಲಪುಡಿಯಿಂದ ಉಜ್ಜಿಕೊಂಡು ಬಾರೆಂದು ಕಳುಹಿಸಿದೆನು. ಮರುದಿನ ಅವನ ಒಸಡಿನಲ್ಲಿ ರಕ್ತವಿದ್ದಿತು; ಕಲೆಯು ಹಾಗೆಯೇ ಇದ್ದಿತು.

ನಿಜವಾಗಿ ಬಿಳುಪುಗೊಳಿಸುವ ದ್ರವ್ಯವು ಹೈಡ್ರೋಜನ್ ಪೆರಾಕ್ಸೈಡು. ಇದನ್ನು 1818ರಲ್ಲಿ ಫ್ರಾನ್ಸಿನ ಥೆನಾರನು ಕಂಡುಹಿಡಿದನು. ಇದು ಉಜ್ಜಿ ತೆಗೆಯುವುದಿಲ್ಲ. ಹಲ್ಲಿನೊಳಗೆ ಇಳಿದು ವರ್ಣದ್ರವ್ಯಗಳನ್ನು ಒಡೆಯುವುದು. ವೈದ್ಯರು ಒಸಡನ್ನು ಮರೆಮಾಡಿ, ನೂರಕ್ಕೆ 25ರಿಂದ 40 ಅಂಶದ ತೀಕ್ಷ್ಣದ್ರವ್ಯವನ್ನು ತಮ್ಮೆದುರಿನಲ್ಲಿಯೇ ಹಚ್ಚುವರು. ಮನೆಯ ಕ್ರಮವನ್ನು 1989ರಲ್ಲಿ ಹೇವುಡ್, ಹೇಮನ್ ಎಂಬ ಅಮೆರಿಕದ ವಿದ್ವಾಂಸರು ಪ್ರಕಟಿಸಿದರು: ಹಲ್ಲಿನ ಅಚ್ಚಿಗೆ ಸರಿಯಾಗಿ ಮಾಡಿದ ಕವಚದಲ್ಲಿ ನೂರಕ್ಕೆ 10 ಅಂಶದ ಕಾರ್ಬಮೈಡ್ ಪೆರಾಕ್ಸೈಡನ್ನಿಟ್ಟು ರಾತ್ರಿ ಧರಿಸುವುದು. ಇದು ನಿಧಾನವಾದರೂ ಸೌಮ್ಯವಾದುದು. ಎರಡರಲ್ಲಿಯೂ ಕೆಲವು ದಿನ ಹಲ್ಲು ಜುಮ್ಮೆನ್ನಬಹುದು. ಕಟ್ಟಿಸಿದ ಹಲ್ಲಿನ ಬಣ್ಣ ಬದಲಾಗದು. ಹುಳುಕಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ಫ್ಲೋರೈಡಿನ ಕಲೆಯು ಇದರಿಂದ ಕೊಂಚ ಮಾಸಬಹುದೇ ಹೊರತು ಸಂಪೂರ್ಣವಾಗಿ ಅಳಿಯುವುದೆಂಬ ಭರವಸೆಯಿಲ್ಲ.

ನಿಂಬೆರಸ, ಇದ್ದಿಲು, ಇಟ್ಟಿಗೆಪುಡಿಗಳು ಹಲ್ಲಿನ ಮೇಲ್ಪದರವನ್ನು ಸವೆಸುವುವು. ಆ ಪದರವು ಮರಳಿ ಬೆಳೆಯದು. ಕಂದು ಹಲ್ಲಿನ ಮಗುವನ್ನು ಕಂಡಾಗ ಗದರಿಸುವ ಮೊದಲು, ಆ ಮಗು ಯಾವ ಬಾವಿಯ ನೀರು ಕುಡಿಯುತ್ತಿದೆಯೆಂದು ಹಿರಿಯರು ವಿಚಾರಿಸಲಿ.