ವರ್ಣಭಾವನೆಯೂ ದಾದಾಭಾಯಿ ನವರೋಜಿಯವರೂ

ಪರದೇಶವಾಸದಿಂದ ಮನುಷ್ಯನ ದೃಷ್ಟಿಯು ವಿಶಾಲವಾಗುವುದೆಂಬ ನಂಬಿಕೆ ಬಹುಕಾಲದಿಂದ ರೂಢಿಯಲ್ಲಿದೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸುವುದಕ್ಕೆ 1866ರಲ್ಲಿ ಲಂಡನ್ನಿನ ಜನಾಂಗಶಾಸ್ತ್ರ ಸಂಘದಲ್ಲಿ ನಡೆದ ಒಂದು ವಾದವು ತಕ್ಕ ಸಾಧನವಾಗಿದೆ.

ಆ ಸಂಘದ ಅಧ್ಯಕ್ಷರಾದ ಜಾನ್ ಕ್ರಾಫರ್ಡರು ಭಾರತ, ಜಾವಾ, ಸಿಂಗಪುರಗಳಲ್ಲಿ ಅನೇಕ ವರ್ಷ ಅಧಿಕಾರದಲ್ಲಿದ್ದವರು. ಮಲಯ ಭಾಷೆಗೆ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ ಪಂಡಿತರು. ಆದರೂ ಏಷ್ಯದ ಜನರು ಬುದ್ಧಿಯಲ್ಲಿಯೂ ಶೀಲದಲ್ಲಿಯೂ ಯೂರೋಪಿನವರಿಗಿಂತ ಕೀಳೆಂದು ಅವರು ಪ್ರತಿಪಾದಿಸಿದರು. ಇದಕ್ಕೆ ಅದೇ ವರ್ಷ, ಅದೇ ಸಂಘದಲ್ಲಿ ಉತ್ತರವಿತ್ತವರು ದಾದಾಭಾಯಿ ನವರೋಜಿಯವರು. 1855ರಲ್ಲಿ ವ್ಯಾಪಾರಾರ್ಥವಾಗಿ ಇಂಗ್ಲೆಂಡಿಗೆ ಹೋಗಿದ್ದ ಇವರೂ ಪರದೇಶವಾಸಿಗಳೇ. ಇವರು ರೋಷವನ್ನು ಆಶ್ರಯಿಸದೆ ಪ್ರಮಾಣಗಳನ್ನು ಮುಂದಿಟ್ಟರು. ಪೂರ್ವದೇಶಗಳ ಸಾಹಿತ್ಯವನ್ನೂ, ಭಾರತೀಯರ ನಡತೆಯನ್ನು ಕುರಿತು ಯೂರೋಪಿನವರೇ ನುಡಿದ ಸಾಕ್ಷ್ಯವನ್ನೂ ಉದಾಹರಿಸಿದರು. ಜನರ ಭಾಷೆಯನ್ನೂ ಒಳಜೀವನವನ್ನೂ ಅರಿಯದವನು ಮೇಲುನೋಟದಿಂದ ಮಾಡುವ ತೀರ್ಮಾನವು ನಂಬತಕ್ಕದ್ದಲ್ಲವೆಂಬುದು ಅವರ ವಾದದ ಒಂದು ಮುಖ್ಯಾಂಶ.

ಪ್ರಮಾಣಗಳಿಂದ ಪೂರ್ವಗ್ರಹವು ಅಳಿಯಲಿಲ್ಲ. 1886ರಲ್ಲಿ ಹೋಬರ್ನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಸ್ಪರ್ಧಿಸಿ ನವರೋಜಿಯವರು ಸೋತರು. 1888ರ ನವೆಂಬರಿನಲ್ಲಿ ಪ್ರಧಾನಮಂತ್ರಿ ಸಾಲ್ಸ್‌ಬರಿ ಪ್ರಭುಗಳು ಎಡಿನ್‌ಬರೋ ನಗರದ ಭಾಷಣದಲ್ಲಿ ಇವರನ್ನು ಕರಿಯ ಮನುಷ್ಯನೆಂದು ಕರೆದು, ಅಂಥವನನ್ನು ಬ್ರಿಟಿಷ್ ಮತದಾರರು ಆರಿಸಿಯಾರೇ ಎಂದು ಸಂಶಯಪಟ್ಟರು. ಈ ಮಾತಿಗೆ ತೀವ್ರವಾದ ಖಂಡನೆ ನಡೆಯಿತು. ಆದರೆ ಖಂಡಿಸಿದವರಲ್ಲಿ ಕೆಲವರು, ನವರೋಜಿಯವರು ಕಪ್ಪಲ್ಲ, ಸಾಲ್ಸ್‌ಬರಿಯವರಿಗಿಂತಲೂ ಬಿಳುಪೆಂದು ಸಮರ್ಥಿಸಿದುದು ವಿಚಾರಾರ್ಹವಾಗಿದೆ. ಈ ಸಮರ್ಥನೆಯು ಒಬ್ಬ ವ್ಯಕ್ತಿಯ ಮೇಲಣ ಅಪವಾದವನ್ನು ನಿವಾರಿಸಿತೇ ಹೊರತು, ಮೈಬಣ್ಣವು ಯೋಗ್ಯತೆಯ ಅಳತೆಗೋಲೆಂಬ ಮೂಲಭಾವನೆಯನ್ನು ಮುಟ್ಟಲಿಲ್ಲ. ಆ ಅಳತೆಗೋಲನ್ನೇ ಹಿಡಿದು ಅಳೆದಂತಾಯಿತು.

1892ರಲ್ಲಿ ಮಧ್ಯ ಫಿನ್ಸ್‌ಬರಿ ಕ್ಷೇತ್ರದವರು ನವರೋಜಿಯವರನ್ನು ಆರಿಸಿದರು. ಆಗ ಪ್ರಕಟವಾದ ಹೆಚ್ಚಳ 5 ಮತಗಳು ಮಾತ್ರ. ಸಾಲ್ಸ್‌ಬರಿಯವರ ಸಂಶಯವನ್ನು ಸುಳ್ಳುಮಾಡುವುದಕ್ಕೆ ಅಷ್ಟು ಸಾಕಾಯಿತು. ಪೂರ್ವಗ್ರಹವೇ ನಾಶವಾಯಿತೆನ್ನುವುದಕ್ಕೆ ಸಾಲದು.

ಕ್ರಾಫರ್ಡರೂ ನವರೋಜಿಯವರೂ ಅನ್ಯದೇಶಗಳಲ್ಲಿ ಬಹುಕಾಲ ಬಾಳಿದವರು. ಒಬ್ಬರು ಅಲ್ಲಿ ಆಳುವವರಾಗಿದ್ದರು. ಮತ್ತೊಬ್ಬರು ಆಳುವವರ ನಡುವೆ ಆಳಿಸಿಕೊಂಡ ನಾಡಿನವರಾಗಿದ್ದರು. ಆದುದರಿಂದ, ದೂರದೇಶವನ್ನು ಕಂಡವರ ಬರಹಗಳನ್ನು ಪರಿಶೀಲಿಸುವಾಗ, ಬರೆದವರು ಅಲ್ಲಿ ಎಷ್ಟು ವರ್ಷವಿದ್ದರೆಂದು ಕೇಳಿದರೆ ಸಾಲದು. ಯಾವ ಸ್ಥಾನದಲ್ಲಿ ನಿಂತು ನೋಡಿದರೆಂಬುದನ್ನೂ ವಿಚಾರಿಸತಕ್ಕದ್ದು.