ಕೊಳ್ಳೇಗಾಲ ಸೀಮೆಯೂ ಮೂಲಭೂತ ಹಕ್ಕುಗಳೂ

ಹನೂರಿನಿಂದ ರಾಮಾಪುರದ ಕಡೆಗೆ ಸಾಗುವ ಮಾರ್ಗದಲ್ಲಿರುವ ಅಜ್ಜೀಪುರವು ನುಡಿಯಿಂದಲೂ ನಡೆಯಿಂದಲೂ ಅಚ್ಚಕನ್ನಡದ ಗ್ರಾಮವಾಗಿದ್ದರೂ, ಒಂದೂವರೆ ಶತಮಾನಕ್ಕೂ ಮಿಗಿಲಾದ ಕಾಲ ಅದರ ಆಡಳಿತವು ಕನ್ನಡನಾಡಿನದಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕೊಳ್ಳೇಗಾಲದ ಸೀಮೆಯು ಇಂಗ್ಲಿಷ್ ಕಂಪೆನಿಯವರ ಪಾಲಿಗೆ ಬಂದು, ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಯಿತು. ಜಿಲ್ಲೆಯ ಕಲೆಕ್ಟರರ ಕಚೇರಿಯನ್ನು ಕಾಣಬೇಕಾದ ರೈತನು ಘಟ್ಟವಿಳಿದು ತಮಿಳು ಸೀಮೆಗೆ ಹೋಗಬೇಕಾಗಿದ್ದಿತು. ಪಕ್ಕದ ಯಳಂದೂರಾದರೋ ಮೈಸೂರು ಸಂಸ್ಥಾನದೊಳಗೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಾಗೀರಾಗಿ ಸಂದಿತು. ಹೀಗೆ ಒಂದೇ ಮಾತನಾಡುವ, ಒಂದೇ ಮಾದೇಶ್ವರನಿಗೆ ಹರಕೆ ಹೊರುವ, ಕೊಟ್ಟು ತರುವ ನಂಟುಳ್ಳ ಜನರು ಎರಡು ದೊರೆತನಗಳ ಕೆಳಗೆ ಹಂಚಿಹೋದರು. ಪ್ರಜೆಯ ಹಕ್ಕು ಎಂಬ ಮಾತು ಈ ಎರಡು ಮಗ್ಗುಲುಗಳಲ್ಲಿ ಹೇಗೆ ಬೆಳೆದು ಬಂದಿತೆಂಬುದನ್ನು ನೋಡಿದರೆ, 1950ರ ರಾಜ್ಯಾಂಗವು ಈ ಸೀಮೆಗೆ ಏನನ್ನು ತಂದಿತೆಂಬುದು ಸ್ಪಷ್ಟವಾಗುವುದು.

ಮೈಸೂರಿನ ಮಗ್ಗುಲಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, 144 ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆಯು ಮೊದಲು ಸೇರಿತು. ದೇಶೀಯ ಸಂಸ್ಥಾನಗಳಲ್ಲಿ ಇಂಥದು ಇದೇ ಮೊದಲು. ಆದರೆ ಆ ಸಭೆಯವರು ದಿವಾನರ ವರದಿಯನ್ನು ಕೇಳಿ ತಮ್ಮ ಕುಂದುಕೊರತೆಗಳನ್ನು ಬಿನ್ನವಿಸಿಕೊಳ್ಳಬಹುದಾಗಿತ್ತೇ ಹೊರತು ಸರ್ಕಾರದ ಕೈ ಹಿಡಿಯುವಂತಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆಯು ಬಂದಿತು; 1923ರ ಸುಧಾರಣೆಗಳಿಂದ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಬಲವೂ, ಅರ್ಹ ಸ್ತ್ರೀಯರಿಗೆ ಮತವೂ ದೊರೆತವು. ಮದ್ರಾಸಿನ ಮಗ್ಗುಲಲ್ಲಿ 1935ರ ಶಾಸನದ ಮೇರೆಗೆ 1937ರಲ್ಲಿ ಚುನಾವಣೆಗಳು ನಡೆದು ಪ್ರಜಾಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತಾದರೂ, ಬ್ರಿಟಿಷ್ ಪ್ರಾಂತಗಳೆಲ್ಲ ಕೂಡಿ ಮತವಿದ್ದವರು ಸುಮಾರು ಮೂರು ಕೋಟಿ ಜನರು ಮಾತ್ರ. ಕಂದಾಯ ಕಟ್ಟುವವನಿಗೂ ಓದುಬರಹ ಬಲ್ಲವನಿಗೂ ಮತ. ಕೂಲಿಯವನಿಗೂ ಕಾಡಿನ ಸೋಲಿಗನಿಗೂ ಇಲ್ಲ. ಆ ಶಾಸನದಲ್ಲಿ ಮೂಲಭೂತ ಹಕ್ಕುಗಳ ಅಧ್ಯಾಯವೇ ಇರಲಿಲ್ಲ. 1928ರ ನೆಹರೂ ವರದಿಯೂ 1931ರ ಕರಾಚಿ ಕಾಂಗ್ರೆಸಿನ ನಿರ್ಣಯವೂ ಅಂಥ ಹಕ್ಕುಗಳನ್ನು ಕೇಳಿದ್ದರೂ, ಲಂಡನ್ನಿನ ರಾಜನೀತಿಜ್ಞರಿಗೆ ಅವು ಬರಿಯ ಮಾತೆಂದು ತೋರಿದವು. ಒಟ್ಟಿನಲ್ಲಿ ಒಂದು ಕಡೆ ಅರಸರ ಕೃಪೆ, ಇನ್ನೊಂದು ಕಡೆ ಪಾರ್ಲಿಮೆಂಟಿನ ಕೃಪೆ. ಕೊಟ್ಟವರು ಹಿಂದಕ್ಕೆ ತೆಗೆದುಕೊಂಡರೆ ಕೇಳುವ ಸ್ಥಳವು ಎರಡು ಕಡೆಯೂ ಇರಲಿಲ್ಲ.

1946ರ ಡಿಸೆಂಬರ್ 9ರಂದು ದೆಹಲಿಯಲ್ಲಿ ರಾಜ್ಯಾಂಗ ರಚನಾ ಸಭೆಯು ಸೇರಿದಾಗ ಮೈಸೂರಿನವರು ಅದರಲ್ಲಿರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿಯು ನಡೆದು, ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲವು ಏರ್ಪಟ್ಟಿತು. ಕನ್ನಡಿಗರ ಕೈಯೂ ಆ ಮಹಾಗ್ರಂಥದ ರಚನೆಯಲ್ಲಿ ಕೂಡಿದೆ. ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗರಾಯರು ಮಂಗಳೂರಿನ ಮನೆತನದವರು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯಲ್ಲಿ ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರು ಕುಳಿತಿದ್ದರು. ಎಸ್. ನಿಜಲಿಂಗಪ್ಪನವರೂ ರಂಗನಾಥ ದಿವಾಕರರೂ ಸದಸ್ಯರಾಗಿದ್ದರು. ಕೆಂಗಲ್ ಹನುಮಂತಯ್ಯನವರಿಗಂತೂ ಕರಡು ಪೂರ್ಣ ಹಿಡಿಸಲಿಲ್ಲ. ವೀಣೆಯ ನಾದವನ್ನು ಬಯಸಿದವರಿಗೆ ಇಂಗ್ಲಿಷ್ ಬ್ಯಾಂಡು ಕೇಳಿಬಂದಿತೆಂದು ಅವರು ಸಭೆಯಲ್ಲಿಯೇ ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅಸ್ಪೃಶ್ಯತೆಯನ್ನು ರದ್ದುಮಾಡುವ ವಿಧಿಯನ್ನು 1948ರ ನವೆಂಬರ್ 29ರಂದು ಸಭೆಯು ಅಂಗೀಕರಿಸಿದಾಗ ಕೇಳಿದ ಸ್ವರವು ಪರದೇಶದ್ದಾಗಿರಲಿಲ್ಲ. ಅನುಭವಮಂಟಪವನ್ನು ಇಂದಿನ ಶಾಸನಸಭೆಗೆ ಹೋಲಿಸುವುದು ಇಂಥ ಸಂಚಿಕೆಗಳಲ್ಲಿ ವಾಡಿಕೆಯಾಗಿದೆ; ಹೋಲಿಕೆಯು ಮನಸ್ಸಿಗೆ ಹಿತವಾದರೂ, ಹೊಸ ರಾಜ್ಯಾಂಗದ ವಿಶೇಷವು ಬೇರೊಂದು ಸ್ಥಳದಲ್ಲಿರುವುದು. ಹಕ್ಕು ಮುರಿದಾಗ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ಬಡಿಯಬಹುದೆಂಬ 32ನೆಯ ವಿಧಿಯನ್ನು ಅಂಬೇಡ್ಕರರು ಇಡೀ ರಾಜ್ಯಾಂಗದ ಆತ್ಮವೆಂದು ಭಾವಿಸಿದ್ದರು.

1949ರ ನವೆಂಬರ್ 25ರಂದು ಶ್ರೀ ಜಯಚಾಮರಾಜೇಂದ್ರ ಒಡೆಯರವರು ಘೋಷಣೆಯನ್ನು ಹೊರಡಿಸಿ ಈ ರಾಜ್ಯಾಂಗವನ್ನೇ ಮೈಸೂರಿಗೂ ಅಂಗೀಕರಿಸಿದರು. ಮರುದಿನ ಸಭೆಯು ಅದನ್ನು ಸ್ವೀಕರಿಸಿತು. 1950ರ ಜನವರಿ 26ರಂದು ಯಳಂದೂರಿಗೂ ಅಜ್ಜೀಪುರಕ್ಕೂ ಒಂದೇ ಕಾನೂನು ಬಂದಿತು. ಗಡಿಯು ಹಾಗೆಯೇ ಇದ್ದಿತು. ಯಳಂದೂರಿನವರು ‘ಬಿ’ ವರ್ಗದ ರಾಜ್ಯದವರು, ಅಜ್ಜೀಪುರದವರು ‘ಎ’ ವರ್ಗದ ರಾಜ್ಯದವರು. ಆದರೆ ಹಕ್ಕಿನಲ್ಲಿ ಭೇದವಿರಲಿಲ್ಲ. 1951–52ರ ಚುನಾವಣೆಯಲ್ಲಿ ದೇಶದಲ್ಲಿ 17 ಕೋಟಿಗೂ ಹೆಚ್ಚು ಜನ ಮತದಾರರಿದ್ದರು. ಇಪ್ಪತ್ತೊಂದು ತುಂಬಿದ ಗಂಡಸೂ ಹೆಂಗಸೂ, ಜಮೀನಿರಲಿ ಇಲ್ಲದಿರಲಿ, ಅಕ್ಷರ ಬರಲಿ ಬಾರದಿರಲಿ, ಒಂದೇ ಬೆಲೆಯ ಮತವನ್ನು ಹಾಕಿದರು. ಕೊಳ್ಳೇಗಾಲದವರು ಹಾಗೆ ಆರಿಸಿ ಕಳುಹಿಸಿದ್ದು ಮದ್ರಾಸಿನ ಶಾಸನಸಭೆಗೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಮೂಲಭೂತ ಹಕ್ಕುಗಳ ಅರ್ಥವನ್ನು ನಿಶ್ಚಯಿಸಿದ ಮೊದಮೊದಲಿನ ಮೊಕದ್ದಮೆಗಳು ಬಹುಮಟ್ಟಿಗೆ ಅಂದು ಅಜ್ಜೀಪುರವು ಸೇರಿದ್ದ ಮದ್ರಾಸು ರಾಜ್ಯದಿಂದಲೇ ಹೊರಟವು. ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ ಎ. ಕೆ. ಗೋಪಾಲನ್ ಅವರ ಅರ್ಜಿಯು 1950ರ ಮೇ ತಿಂಗಳಲ್ಲಿ ಬಹುಮತದಿಂದ ವಜಾ ಆಯಿತು. ಅದೇ ತಿಂಗಳು ರಮೇಶ ಥಾಪರರ ಪತ್ರಿಕೆಗೆ ಮದ್ರಾಸು ಸರ್ಕಾರವು ಹಾಕಿದ್ದ ಪ್ರವೇಶನಿಷೇಧವು ಬಿದ್ದುಹೋಯಿತು. 1951ರಲ್ಲಿ ಆ ಸರ್ಕಾರದ ಕೋಮುವಾರು ಆಜ್ಞೆಯನ್ನು ನ್ಯಾಯಾಲಯವು ತೆಗೆದುಹಾಕಿದ್ದರಿಂದ, ಹಿಂದುಳಿದವರಿಗೆ ವಿಶೇಷ ಏರ್ಪಾಡು ಮಾಡಲು ಅವಕಾಶವೀಯುವ ಮೊದಲನೆಯ ತಿದ್ದುಪಡಿಯು ಅದೇ ವರ್ಷ ಬಂದಿತು.

ಮಠಗಳ ಭಕ್ತರು ಇವೆಲ್ಲಕ್ಕಿಂತ ಹೆಚ್ಚಾಗಿ ತಿಳಿದಿರಬೇಕಾದುದು ಶಿರೂರು ಮಠದ ಮೊಕದ್ದಮೆ. ಉಡುಪಿಯ ಅಷ್ಟಮಠಗಳಲ್ಲೊಂದಾದ ಈ ಮಠಕ್ಕೆ ಪರ್ಯಾಯದ ಸರದಿಯು ಬಂದಾಗ ಎರಡು ವರ್ಷ ಶ್ರೀಕೃಷ್ಣನ ಪೂಜೆಯನ್ನೂ ನಿತ್ಯದ ಅನ್ನಸಂತರ್ಪಣೆಯನ್ನೂ ನಡೆಸಬೇಕಾದ ಭಾರವಿದ್ದಿತು. ಶ್ರೀ ಲಕ್ಷ್ಮೀಂದ್ರತೀರ್ಥ ಸ್ವಾಮಿಗಳವರ ಕಾಲದಲ್ಲಿ ಎರಡು ಪರ್ಯಾಯಗಳ ವೆಚ್ಚದಿಂದ ಮಠವು ಸಾಲಕ್ಕೆ ಬಿದ್ದಿತು. ಸಾಲದ ಕಾರಣದಿಂದ ಧರ್ಮಾದಾಯ ಮಂಡಲಿಯವರು ಆಡಳಿತದಲ್ಲಿ ಕೈಹಾಕಿ, ಮಠಕ್ಕೊಂದು ಆಡಳಿತಯೋಜನೆಯನ್ನೇ ರಚಿಸಲು ಹೊರಟರು. ಅಷ್ಟರಲ್ಲಿ 1951ರ ಮದ್ರಾಸಿನ ಧರ್ಮಾದಾಯ ಶಾಸನವೂ ಬಂದಿತು. ಅದರ ಮೇರೆಗೆ ಕಮಿಷನರರೂ ಅವರ ಅಧೀನರೂ ಯಾವ ಧರ್ಮಸಂಸ್ಥೆಯೊಳಕ್ಕಾದರೂ ಪ್ರವೇಶಿಸಬಹುದು. ಪ್ರತಿಯೊಂದು ಸಂಸ್ಥೆಯೂ ವರಮಾನದ ಶೇಕಡಾ 5ಕ್ಕೆ ಮೀರದ ಪಾಲನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಸ್ವಾಮಿಗಳವರು ಮದ್ರಾಸಿನ ಉಚ್ಚ ನ್ಯಾಯಾಲಯದಲ್ಲಿ ಗೆದ್ದರು. ಸರ್ಕಾರದ ಕಡೆಯವರು ದೆಹಲಿಗೆ ಅಪೀಲು ಹೋದರು.

1954ರಲ್ಲಿ ನ್ಯಾಯಮೂರ್ತಿ ಬಿಜನಕುಮಾರ ಮುಖರ್ಜಿಯವರು ಬರೆದ ತೀರ್ಪು ಮಠಗಳ ಇತಿಹಾಸದಲ್ಲಿ ಒಂದು ಶಾಸನದಂತೆಯೇ ನಿಂತಿದೆ. ಮಠಾಧಿಪತಿಯು ಸಂಬಳದ ಪಾರುಪತ್ಯಗಾರನಲ್ಲ. ಅವನ ಪದವಿಯಲ್ಲಿ ಧರ್ಮಕರ್ತವ್ಯವೂ ಸ್ವತ್ತಿನ ಅಂಶವೂ ಬೆರೆತಿವೆ. ಒಂದು ಮತದ ಆವಶ್ಯಕಾಂಗವು ಯಾವುದೆಂಬುದನ್ನು ಆ ಮತದ ಸಿದ್ಧಾಂತದಿಂದಲೇ ತಿಳಿಯಬೇಕು. ಇಂಥ ಹೊತ್ತಿನಲ್ಲಿ ಇಂಥ ನೈವೇದ್ಯವೆಂದು ಸಂಪ್ರದಾಯವು ವಿಧಿಸಿದ್ದರೆ, ಹಣ ವೆಚ್ಚವಾಗುವುದೆಂಬ ಮಾತ್ರಕ್ಕೆ ಅದು ಲೌಕಿಕವಾಗುವುದಿಲ್ಲ. ಅಧಿಕಾರಿಗಳು ಹೇಳದೆ ಕೇಳದೆ ಗರ್ಭಗೃಹದವರೆಗೂ ನುಗ್ಗಲು ಎಡೆಗೊಡುವ ನಿಬಂಧನೆಯು ನಿಲ್ಲಲಾರದು. ಶೇಕಡಾ 5ರ ಪಾಲು ಶುಲ್ಕವಲ್ಲ, ತೆರಿಗೆ. ಅದನ್ನು ಹಾಕುವ ಅಧಿಕಾರವು ರಾಜ್ಯದ ಸಭೆಗಿರಲಿಲ್ಲ. ಆದರೆ ಸ್ವತ್ತಿನ ಆಡಳಿತವು ಬೇರೆಯ ಮಾತು. ಲೆಕ್ಕಪತ್ರಗಳು ನೆಟ್ಟಗಿರಬೇಕೆಂದು ಕಾನೂನು ಕೇಳಬಹುದು. ಈ ಕಡೆಯ ಭಾಗವನ್ನು ಮಠದ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ! ಆ ದಿನ ಕೊಳ್ಳೇಗಾಲ ತಾಲ್ಲೂಕಿನ ಹಿಂದೂ ಧರ್ಮಸಂಸ್ಥೆಗಳಿಗೂ ಅದೇ ಮದ್ರಾಸಿನ ಶಾಸನವೇ ಅನ್ವಯಿಸುತ್ತಿದ್ದಿತಾದುದರಿಂದ, ಉಡುಪಿಯ ಗೆಲವು ಈ ಸೀಮೆಯದೂ ಆಗಿದ್ದಿತು.

ಇದರ ಮಗ್ಗುಲಲ್ಲಿಯೇ ಮೂಲ್ಕಿಯ ಶ್ರೀ ವೆಂಕಟರಮಣ ದೇವಸ್ಥಾನದ ವ್ಯಾಜ್ಯವನ್ನು ಇಟ್ಟು ನೋಡಬೇಕು. 1947ರ ಮದ್ರಾಸು ದೇವಾಲಯಪ್ರವೇಶ ಶಾಸನವು ತಮ್ಮ ದೇವಸ್ಥಾನಕ್ಕೆ ಸಲ್ಲದೆಂದು ಗೌಡಸಾರಸ್ವತ ಸಮಾಜದ ಧರ್ಮದರ್ಶಿಗಳು ವಾದಿಸಿದರು. ದೇವಸ್ಥಾನವು ಆ ಸಮಾಜದ್ದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು ಒಪ್ಪಿತು. ಯಾರನ್ನು ಒಳಕ್ಕೆ ಬಿಡಬೇಕೆಂಬುದು ಮತದ ವಿಷಯವೇ ಎಂಬುದನ್ನೂ ಒಪ್ಪಿತು. ಒಪ್ಪಿದ ಮೇಲೆಯೂ, ದೇವಾಲಯಗಳನ್ನು ಹಿಂದೂಗಳ ಎಲ್ಲ ವರ್ಗದವರಿಗೂ ತೆರೆಯಲು ಅಧಿಕಾರ ಕೊಡುವ 25ನೆಯ ವಿಧಿಯ ಎರಡನೆಯ ಖಂಡವೇ ಮೇಲೆಂದು 1957ರ ನವೆಂಬರ್ 8ರಂದು ತೀರ್ಮಾನಿಸಿತು. ಕೆಲವು ವಿಶೇಷ ಸೇವೆಗಳ ಸಮಯದಲ್ಲಿ ಮಾತ್ರ ಸಮಾಜದವರಿಗೇ ಮೀಸಲಿಡಬಹುದೆಂದೂ, ಉಳಿದವರ ದರ್ಶನದ ಹಕ್ಕು ಅದರಿಂದ ಹೆಸರಿಗಷ್ಟೇ ಉಳಿಯುವಂತಾಗಬಾರದೆಂದೂ ಎಲ್ಲೆಯನ್ನು ಹಾಕಿತು. ಶಿರೂರಿನ ತೀರ್ಪಿನಲ್ಲಿ ಹಕ್ಕಿನ ವಿಸ್ತಾರವು ಕಂಡರೆ ಮೂಲ್ಕಿಯ ತೀರ್ಪಿನಲ್ಲಿ ಅದರ ಮೇರೆಯು ಕಾಣುವುದು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವವರು ಅರ್ಧವನ್ನೇ ಹೇಳಿದಂತಾಗುವುದು.

ಮೂಲ್ಕಿಯ ಮೊಕದ್ದಮೆಯಲ್ಲಿ ಎದುರುಪಕ್ಷವು ಮದ್ರಾಸಾಗಿರದೆ ಮೈಸೂರು ರಾಜ್ಯವಾಗಿದ್ದಿತು. ನಡುವೆ 1956ರ ನವೆಂಬರ್ 1ರ ಪುನರ್ವಿಂಗಡಣೆಯು ಆಗಿದ್ದಿತಷ್ಟೆ. ಅದೇ ದಿನ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ, 157 ವರ್ಷಗಳ ಅಗಲಿಕೆಯು ಕೊನೆಗಂಡಿತು. ಅದೇ ದಿನವೇ ಕಾಸರಗೋಡು ಕನ್ನಡಿಗರ ಕೈತಪ್ಪಿ ಕೇರಳಕ್ಕೆ ಹೋಯಿತು.

ಕಾಸರಗೋಡಿನ ಸಮೀಪದ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳವರು ಕೇರಳದ ಭೂಸುಧಾರಣಾ ಶಾಸನದಿಂದ ಮಠದ ಜಮೀನಿಗೆ ಒದಗಿದ ಆಪತ್ತನ್ನು ಕುರಿತು 1970ರಲ್ಲಿ ಅರ್ಜಿ ಹಾಕಿದರು. ಹದಿಮೂರು ಮಂದಿ ನ್ಯಾಯಮೂರ್ತಿಗಳು 68 ದಿನ ವಾದವನ್ನು ಕೇಳಿ, 1973ರ ಏಪ್ರಿಲ್ 24ರಂದು, ಪಾರ್ಲಿಮೆಂಟು ರಾಜ್ಯಾಂಗದ ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡಿಸಲಾಗದೆಂದು ಏಳಕ್ಕೆ ಆರರ ಬಹುಮತದಿಂದ ನಿರ್ಣಯಿಸಿದರು. ಬಹುಮತದವರಲ್ಲಿ ದಕ್ಷಿಣ ಕನ್ನಡದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರೂ ಒಬ್ಬರು; ಕೂಡಲೇ ಮುಖ್ಯ ನ್ಯಾಯಾಧೀಶರ ಪದವಿಯು ಅವರನ್ನೂ ಇನ್ನಿಬ್ಬರನ್ನೂ ದಾಟಿಹೋಗಲು ಅವರು ರಾಜೀನಾಮೆಯಿತ್ತರು. ಸ್ವಾಮಿಗಳವರಿಗೆ ಜಮೀನಿನ ವಿಷಯದಲ್ಲಿ ಫಲ ದೊರೆಯಲಿಲ್ಲ. ಅವರು ಕಾಪಾಡಿಕೊಳ್ಳಲು ಹೊರಟ ಸ್ವತ್ತಿನ ಹಕ್ಕು 1978ರ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ಹೊರಬಿದ್ದಿತು. ದೇಶಕ್ಕೆ ಉಳಿದುದು ಅವರು ಕೇಳದೆ ಬಂದ ಫಲ. 2020ರಲ್ಲಿ ಅವರು ದೇಹವನ್ನು ಬಿಟ್ಟಾಗ ಕಾನೂನು ಓದಿದವರೆಲ್ಲ ಆ ಹೆಸರನ್ನು ನೆನೆದರು.

ಗ್ರಂಥಗಳಲ್ಲಿರುವ ಹಕ್ಕು ಬೆಟ್ಟದ ಬುಡದ ಜನರಿಗೆ ಎಷ್ಟರಮಟ್ಟಿಗೆ ಒದಗಿತೆಂಬ ಪ್ರಶ್ನೆಗೆ ಉತ್ತರವು ಸುಲಭವಲ್ಲ. 1992ರಲ್ಲಿ ವೀರಪ್ಪನ್ನನ ಗುಂಪು ಅಜ್ಜೀಪುರದ ನೆರೆಯ ರಾಮಾಪುರದ ಪೊಲೀಸು ಠಾಣೆಯ ಮೇಲೆ ಬಿದ್ದು ಪೊಲೀಸಿನವರನ್ನು ಕೊಂದಿತು. 1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಮಂದಿ ಮಡಿದರು. ತರುವಾಯ ಈ ಸೀಮೆಯ ಹಳ್ಳಿಗಳಿಂದ ಅನೇಕರು ಟಾಡಾ ಶಾಸನದ ಮೇರೆಗೆ ಸೆರೆಯಾದರು. ಪೊಲೀಸು ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿದ್ದ, ಜಾಮೀನು ದುರ್ಲಭವಾಗಿದ್ದ ಕಾನೂನು ಅದು. 1995ರಲ್ಲಿ ಅದು ಕಾಲಾವಧಿ ತೀರಿ ಬಿದ್ದುಹೋದರೂ ಮೊಕದ್ದಮೆಗಳು ನಿಲ್ಲಲಿಲ್ಲ. ಮೈಸೂರಿನ ವಿಶೇಷ ನ್ಯಾಯಾಲಯವು 2001ರಲ್ಲಿ ತೀರ್ಪು ಹೇಳಿದಾಗ ಬಹುಮಂದಿ ನಿರ್ದೋಷಿಗಳಾಗಿ ಹೊರಬಂದರು. ವಿಶೇಷ ಪಡೆಯವರಿಂದ ಹಿಂಸೆಯಾಯಿತೆಂಬ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವಹಕ್ಕು ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿಗೆ ಪರಿಹಾರವನ್ನು ಕೊಡಬೇಕೆಂದು ಆಯೋಗವು ಹೇಳಿತು. ಪಾಲಾರಿನ ಮೊಕದ್ದಮೆಯಲ್ಲಿ 2004ರಲ್ಲಿ ಮರಣದಂಡನೆಗೆ ಗುರಿಯಾದ ನಾಲ್ವರ ಕ್ಷಮಾರ್ಜಿಯು ಒಂಬತ್ತು ವರ್ಷ ಕೊಳೆತು ತಿರಸ್ಕೃತವಾಗಲು, ಆ ವಿಳಂಬವೇ 21ನೆಯ ವಿಧಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಜನವರಿ 21ರಂದು ಅವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಪಾಲಾರಿನಲ್ಲಿ ಮಡಿದವರ ಮನೆಗಳಿಗೆ ಅದು ಹೇಗೆ ಕೇಳಿಸಿತೋ ಊಹಿಸುವುದು ಕಷ್ಟವಲ್ಲ. ಆದರೂ ಅಪರಾಧಿಗೂ ಹಕ್ಕುಂಟೆಂಬುದೇ ಈ ರಾಜ್ಯಾಂಗದ ಮಾತು.

ಮತದ ಹಕ್ಕಿನ ಕಥೆಯೂ ಹೀಗೆಯೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯಹಕ್ಕು ಶಾಸನದ ಮೇರೆಗೆ 2011ರಲ್ಲಿ ಸಮುದಾಯದ ಹಕ್ಕುಪತ್ರಗಳು ದೊರೆತವು. ಮಾದೇಶ್ವರನ ಬೆಟ್ಟದ ಆಚೆಯ ಇಂಡಿಗನತ್ತದ ಜನರಾದರೋ 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯ ದಿನ, ರಸ್ತೆ ನೀರುಗಳಿಲ್ಲವೆಂದು ಮತವನ್ನೇ ನಿರಾಕರಿಸಿದರು. ಒತ್ತಾಯವಾಯಿತು, ಘರ್ಷಣೆಯಾಯಿತು, ಮತಯಂತ್ರವು ಒಡೆಯಿತು. ಮೂರು ದಿನಗಳ ತರುವಾಯ, 29ರಂದು, ಅದೇ ಮತಗಟ್ಟೆಯಲ್ಲಿ ಮತ್ತೆ ಮತದಾನವನ್ನು ನಡೆಸಲಾಯಿತು.